ಸವಳಂಗದಿಂದ ಬಂದ ಗಂಡು ಹೂ

"ನೀನು ಈ ಮನೇಲಿ ಇರೋವರೆಗೂ ಪಂಚಮಿ ದಿನ ನಿನ್ನ ತಟ್ಟೇಲಿ ತವರಿನ ತುತ್ತು ಒಂದು ಇದ್ದೇ ಇರ್ತೈತೆ ಬೇಟಿ. ಇದು ನನ್ನ ಮಾತು."

ತಾಜ್‌ಬೀ ಹೀಗೆ ಹೇಳಿದ್ದು ನನ್ನ ಮದುವೆಯಾದ ವರ್ಷ, ನಾಗರ ಪಂಚಮಿಯ ಹಿಂದಿನ ದಿನ, ಹೊನ್ನಾಳಿಯ ನಮ್ಮ ಹಿತ್ತಲ ಗೋಡೆಯ ಆಚೆ ನಿಂತುಕೊಂಡು. ಗೋಡೆ ಎದೆಮಟ್ಟದ್ದು. ಆಚೆ ಅವರ ಬಾಡಿಗೆ ಮನೆ, ಈಚೆ ನಮ್ಮ ಬಟ್ಟೆ ಒಗೆಯುವ ಕಲ್ಲು. ಬೆಳಗಿನಿಂದ ಓಣಿಯ ಸೊಸೆಯರೆಲ್ಲ ಅಣ್ಣನ ಬೈಕಿನ ಹಿಂದೆಯೋ ತಮ್ಮನ ಸ್ಕೂಟರಿನ ಹಿಂದೆಯೋ ಕೂತು ತವರಿಗೆ ಹೊರಟಿದ್ದರು. ನನ್ನನ್ನು ಕರೆಯಲು ಬರುವವರು ಯಾರೂ ಇರಲಿಲ್ಲ. ಅಪ್ಪ ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಕತ್ತಲಗೆರೆಯಲ್ಲಿ ನನ್ನನ್ನು ಸಾಕಿದ ಚಿಕ್ಕಪ್ಪ ಮದುವೆ ಮಾಡಿಕೊಟ್ಟ ಮೇಲೆ ಫೋನು ಮಾಡುವುದನ್ನೂ ಬಿಟ್ಟಿದ್ದ. ಸುಮ್ಮನೆ ಕೂತರೆ ಅಳು ಬರುತ್ತದೆಂದು ನಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ತಾಜ್‌ಬೀ ಗೋಡೆಯ ಆಚೆಯಿಂದ ಅದನ್ನು ನೋಡುತ್ತಿದ್ದರು.

"ಆ ಸೀರೆ ನಿನಗೇನು ಮಾಡೈತೆ? ಸಾಯಿಸ್ತಿದ್ದೀಯಲ್ಲ ಅದನ್ನ" ಎಂದರು. ಆಮೇಲೆ ಒಳಗೆ ಹೋಗಿ ಒಂದು ಬುಟ್ಟಿ ಮಡಹಾಗಲಕಾಯಿ ತಂದು ಗೋಡೆಯ ಮೇಲಿಟ್ಟರು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ, ಮೈಯೆಲ್ಲ ಮೆತ್ತನೆಯ ಮುಳ್ಳಿನ ಹಸಿರು ಕಾಯಿಗಳು. ಬುಟ್ಟಿಯ ಮೇಲೆ ಕೈಯಿಟ್ಟೇ ಆ ಮಾತು ಹೇಳಿದರು.

ಅವರ ಲೆಕ್ಕಾಚಾರ ನನಗೆ ಗೊತ್ತಾಗಲಿಕ್ಕೆ ಒಂದೆರಡು ವರ್ಷ ಬೇಕಾಯಿತು. ಅಡುಗೆ ಮಾಡಿ ಕಳಿಸಿದ್ದರೆ ನಮ್ಮ ಅತ್ತೆ ಶಿವಗಂಗಮ್ಮ ಅದನ್ನು ಒಳಗೆ ತರಲು ಬಿಡುತ್ತಿರಲಿಲ್ಲ. ಜಗಳ ಮಾಡುತ್ತಿರಲಿಲ್ಲ, ಸುಮ್ಮನೆ ಹಸುವಿನ ಮುಂದೆ ಇಟ್ಟುಬಿಡುತ್ತಿದ್ದರು. ಹಸಿ ಕಾಯಿಗೆ ಆ ತಂಟೆ ಇಲ್ಲ. ಹಸಿ ಕಾಯಿ ಯಾರ ಮನೆಯಿಂದ ಯಾರ ಮನೆಗೂ ಹೋಗಬಹುದು.

ಆ ವರ್ಷ ದೀಪಾವಳಿ ಕಳೆದು ಬಳ್ಳಿ ಒಣಗಿದ ಮೇಲೆ ತಾಜ್‌ಬೀ ನೆಲ ಅಗೆದು ಎರಡು ಗಡ್ಡೆ ಕೊಟ್ಟರು. "ಇದು ಗಂಡು, ಇದು ಹೆಣ್ಣು. ಗಂಡು ಕಾಯಿ ಬಿಡಾಕಿಲ್ಲ, ಬರೀ ಹೂ. ಅದಕ್ಕೇ ಅಂತ ಬೈಬ್ಯಾಡ. ಅದು ಇಲ್ದಿದ್ರೆ ಇದೂ ಇಲ್ಲ" ಎಂದರು. ಮಡಹಾಗಲದ ಬಳ್ಳಿ ಪ್ರತಿ ಬೇಸಿಗೆಗೆ ಸತ್ತಂತೆ ಮಲಗುತ್ತದೆ. ಮುಂಗಾರಿನ ಮೊದಲ ಹದ ಮಳೆಗೆ ನೆಲದೊಳಗಿನ ಗಡ್ಡೆ ಮತ್ತೆ ಚಿಗುರಿ, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಮೇಲೇರುತ್ತದೆ. ಪಂಚಮಿಯ ಹೊತ್ತಿಗೆ ಸರಿಯಾಗಿ ಕಾಯಿ. ನಮ್ಮ ಮನೆಯಲ್ಲಿ ಅದನ್ನು ಹಿಂದಿನ ದಿನವೇ ಹೆಚ್ಚಿ ಪಲ್ಯ ಮಾಡಿಟ್ಟು, ಪಂಚಮಿಯ ದಿನ ಕಡುಬಿನ ಜೊತೆ ತಿನ್ನುವುದು ರೂಢಿಯಾಯಿತು.

ಕೆಲವು ವರ್ಷದ ಮೇಲೆ ತಾಜ್‌ಬೀ ಮಗ ಮುಜಮ್ಮಿಲ್ ಸವಳಂಗದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದ. ತಾಯಿಯನ್ನೂ ಕರೆದುಕೊಂಡು ಹೋದ. ಹೋಗುವಾಗ ಅವರು ತಮ್ಮ ಗಡ್ಡೆಗಳನ್ನು ಹಳೇ ಸೀರೆಯಲ್ಲಿ ಕಟ್ಟಿಕೊಂಡರು. "ನಾನು ಇಲ್ಲಿಲ್ಲ ಅಂತ ಚಿಂತೆ ಮಾಡಬ್ಯಾಡ. ನನ್ನ ಮಾತು ನಿಮ್ಮ ಹಿತ್ತಲಾಗೆ ನೆಟ್ಟೀನಲ್ಲ" ಎಂದು ಹೋದರು.

ನೆಟ್ಟ ಮಾತು ವರ್ಷ ವರ್ಷವೂ ಚಿಗುರಿತು. ಮಗಳು ಸಂಧ್ಯಾ ಹುಟ್ಟಿದಳು, ಮಾವ ತೀರಿಕೊಂಡರು, ನಮ್ಮವರು ಸಾಮಾನು ಸಾಗಿಸುವ ಟೆಂಪೋ ಕೊಂಡರು, ನಾನು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದೆ. ಬೆಳಗ್ಗೆ ಮನೆಯ ಅಡುಗೆ, ಆಮೇಲೆ ಒಂದು ಶಾಲೆಯ ಮಕ್ಕಳಿಗಾಗುವಷ್ಟು ಅನ್ನ ಸಾರು, ಸಂಜೆ ಮತ್ತೆ ಮನೆಯ ಅಡುಗೆ. ಬೆನ್ನು ನೆಲಕ್ಕೆ ತಾಗಿದರೆ ಸಾಕು ಎನ್ನುವ ದಿನಗಳೇ ಹೆಚ್ಚು. ಆದರೂ ಆಷಾಢದಲ್ಲಿ ಹಿತ್ತಲ ಬಾಗಿಲು ತೆಗೆದಾಗ ಆ ಬಳ್ಳಿಯಲ್ಲಿ ಹೂ ಕಂಡರೆ, ನನಗೂ ಕರೆಯಲು ಬಂದವರಿದ್ದಾರೆ ಅನ್ನಿಸುತ್ತಿತ್ತು.

ಈ ವರ್ಷ ಕೆಟ್ಟದ್ದು ಒಂದು ಒಳ್ಳೆಯ ಕೆಲಸದಿಂದ. ಮೊದಲೆಲ್ಲ ಎರಡೂ ಬಳ್ಳಿ ಒಂದೇ ಹಳೇ ಚಪ್ಪರಕ್ಕೆ ಹೆಣೆದುಕೊಂಡಿರುತ್ತಿದ್ದವು. ಯಾವುದು ಯಾವುದೆಂದು ನೋಡುವವರಿಗೆ ತಿಳಿಯುತ್ತಿರಲಿಲ್ಲ. ಚಪ್ಪರ ಗೆದ್ದಲು ಹಿಡಿದು ಬಿತ್ತೆಂದು ನಮ್ಮವರು ಈ ಸಲ ಕಬ್ಬಿಣದ ಕಂಬ ನಿಲ್ಲಿಸಿ, ತಂತಿ ಎಳೆದು, ಒಂದೊಂದು ಬಳ್ಳಿಗೂ ಬೇರೆ ಬೇರೆ ಸಾಲು ಮಾಡಿಕೊಟ್ಟರು. ಚೆಂದವೇ ಆಯಿತು. ಆದರೆ ಒಂದು ಬಳ್ಳಿ ಬರೀ ಹೂ ಬಿಡುತ್ತಿದೆ ಎನ್ನುವುದು ಅತ್ತೆಯ ಕಣ್ಣಿಗೆ ಅದೇ ಮೊದಲು ಬಿತ್ತು.

ಒಂದು ಸಂಜೆ ನಾನು ಶಾಲೆಯಿಂದ ಬರುವಷ್ಟರಲ್ಲಿ ಹಿತ್ತಲು ಗುಡಿಸಿ ಸ್ವಚ್ಛವಾಗಿತ್ತು. ಒಂದು ತಂತಿ ಖಾಲಿ. ಇನ್ನೊಂದರಲ್ಲಿ ಹೆಣ್ಣು ಬಳ್ಳಿ ಆಗಷ್ಟೇ ಮಿಡಿ ಸಮೇತ ಮೊದಲ ಮೊಗ್ಗು ತೋರಿಸಿತ್ತು.

"ಅತ್ತೆ, ಈ ಕಡೆ ಬಳ್ಳಿ ಎಲ್ಲಿ?"

"ಕಿತ್ತು ಹಾಕಿದೆ" ಎಂದರು ಅತ್ತೆ, ಬೇಳೆ ಆರಿಸುತ್ತ. "ಅರ್ಧ ಬುಟ್ಟಿ ಗೊಬ್ಬರ ತಿಂದೈತೆ, ಒಂದು ಮಿಡಿ ಕಟ್ಟಿಲ್ಲ. ಮೈತುಂಬ ಹೂ ಮುಡ್ಕೊಂಡು ಮೆರೀತೈತೆ. ದಂಡದ ಪಿಂಡ."

"ಅದು ಗಂಡು ಬಳ್ಳಿ ಅತ್ತೆ!"

"ಅದಕ್ಕೇ ಅಂದೆ ದಂಡದ ಪಿಂಡ ಅಂತ."

ಓದುತ್ತ ಕೂತಿದ್ದ ಸಂಧ್ಯಾ ಕಿಸಕ್ಕನೆ ನಕ್ಕಳು. ನನಗೆ ನಗು ಬರಲಿಲ್ಲ. ಗಂಡು ಹೂವಿನ ಪುಡಿ ತಾಗದಿದ್ದರೆ ಹೆಣ್ಣು ಹೂ ಕಾಯಿ ಕಟ್ಟುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅತ್ತೆಯ ಕೈ ಮೊರದ ಮೇಲೆ ನಿಂತಿತು. ಅವರು ಎದ್ದು ತಿಪ್ಪೆಯ ಕಡೆ ಹೋದರು, ನಾನೂ ಹಿಂದೆ ಹೋದೆ. ಗುದ್ದಲಿಯ ಏಟಿಗೆ ಗಡ್ಡೆ ಹೋಳುಹೋಳಾಗಿತ್ತು. ಬಿಸಿಲಿಗೆ ಬಾಡಿ ಎಮ್ಮೆಯ ಕಾಲಿಗೂ ಸಿಕ್ಕಿತ್ತು. ಒಂದು ಹೋಳು ಎತ್ತಿ ನೋಡಿ ಅತ್ತೆ ಅಲ್ಲೇ ಬಿಟ್ಟರು.

"ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ನನಗೆ" ಎಂದರು. ಅಷ್ಟೇ. ತಪ್ಪಾಯಿತು ಎನ್ನುವುದು ಅತ್ತೆಯ ಬಾಯಲ್ಲಿ ಬರುವ ಮಾತಲ್ಲ.

ನಮ್ಮವರು ಊಟಕ್ಕೆ ಕೂತಾಗ ವಿಷಯ ತಿಳಿದು, "ಅದಕ್ಕ್ಯಾಕೆ ಇಷ್ಟು ತಲೆಬಿಸಿ? ಸಂತೇಲಿ ರಾಶಿ ಬರ್ತೈತೆ ಮಡಹಾಗಲ. ನಾನೇ ತರ್ತೀನಿ" ಎಂದರು.

"ತವರು ಸಂತೇಲಿ ಸಿಗ್ತೈತೇನೋ?" ಎಂದರು ಅತ್ತೆ.

ನಾನು ಅನ್ನ ಬಡಿಸುತ್ತಿದ್ದವಳು ತಲೆಯೆತ್ತಿ ನೋಡಿದೆ. ಆ ಬಳ್ಳಿ ನನಗೆ ಏನೆಂದು ನಾನು ಅತ್ತೆಯ ಮುಂದೆ ಎಂದೂ ಹೇಳಿರಲಿಲ್ಲ. ಗೋಡೆಯ ಹತ್ತಿರ ಆಡಿದ ಮಾತು ಅವರಿಗೆ ಅವತ್ತೇ ಕೇಳಿಸಿತ್ತು.

ಜಗಳೂರಿನಲ್ಲಿರುವ ನಮ್ಮ ನಾದಿನಿ ಒಮ್ಮೆ ಇಲ್ಲಿಂದ ಗಡ್ಡೆ ಒಯ್ದಿದ್ದಳು. ಅವಳಿಗೆ ಫೋನು ಮಾಡಿದವರೂ ಅತ್ತೆಯೇ. "ಅಯ್ಯೋ ಅವ್ವಾ, ನಮ್ಮ ಕಡೆ ಬಿಸಿಲಿಗೆ ಅದು ಎರಡನೇ ವರ್ಷವೇ ಮಣ್ಣಾಗಿ ಹೋತು" ಎಂದಳು. ಪಂಚಮಿಗೆ ಮೂರು ವಾರವೂ ಪೂರ್ತಿ ಇರಲಿಲ್ಲ. ಹೂ ಕಟ್ಟಿ ಕಾಯಿಯಾಗಲು ಎರಡು ವಾರ ಬೇಕು. ಇನ್ನುಳಿದದ್ದು ತಾಜ್‌ಬೀ. ಅವರಿಗೆ ಹೇಳಲು ನನಗೆ ನಾಚಿಕೆ. ಅವರ ಮಾತನ್ನು ನಮ್ಮ ಮನೆಯವರೇ ಬೇರು ಸಮೇತ ಕಿತ್ತುಹಾಕಿದ್ದೇವೆಂದು ಹೇಗೆ ಹೇಳುವುದು?

ಹೇಳಿದೆ. ಆ ಕಡೆಯಿಂದ ನಗು, ಕೆಮ್ಮು ಬರುವವರೆಗೂ ನಗು.

"ಗಂಗಮ್ಮ ಗಂಡನ್ನ ಕಿತ್ತು ತಿಪ್ಪೆಗೆ ಹಾಕಿದ್ಲಾ! ಅರೆ ವಾಹ್. ನಾನೂ ಒಂದು ಕಾಲದಾಗೆ ಅದೇ ಮಾಡಬೇಕು ಅಂದ್ಕೊಂಡಿದ್ದೆ, ಧೈರ್ಯ ಬರಲಿಲ್ಲ."

"ಅಮ್ಮಾ, ನಗಬ್ಯಾಡ್ರಿ. ಈ ಸಲ ಕಾಯಿ ಇಲ್ಲ."

"ಯಾಕೆ ಇಲ್ಲ? ನಿನ್ನ ಹೆಣ್ಣು ಐತಲ್ಲ? ಇಲ್ಲಿ ನನ್ನ ಗಂಡು ಮನೆ ಮೇಲೆಲ್ಲಾ ಹಬ್ಬೈತೆ. ನಾಳೆ ಫಸ್ಟ್ ಬಸ್ಸಿಗೆ ಹೂ ಕಳಿಸ್ತೀನಿ. ನೀನು ಸ್ಟ್ಯಾಂಡಿಗೆ ಬಂದು ಇಸ್ಕೋ. ಬಿಸಿಲೇರೋದ್ರೊಳಗೆ ಹೆಣ್ಣು ಹೂವಿಗೆ ಮುಟ್ಟಿಸಬೇಕು, ಅಷ್ಟೇ."

ಸವಳಂಗದಿಂದ ನ್ಯಾಮತಿ ಮೇಲೆ ಹೊನ್ನಾಳಿಗೆ ಬರುವ ಮೊದಲ ಬಸ್ಸಿನ ಕಂಡಕ್ಟರ್ ಗುರುಬಸವರಾಜ್. ದಪ್ಪ ಮೀಸೆಯ ಮನುಷ್ಯ. ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಾನು ಓಡಿಹೋಗಿ ನಿಂತಾಗ ಅವರು ಸ್ಟೀಲಿನ ಟಿಫಿನ್ ಡಬ್ಬಿಯೊಂದನ್ನು ಎತ್ತಿ ಹಿಡಿದು, "ಯಾರ್ರೀ ಇದು, ಹೂವಿನ ಪಾರ್ಟಿ?" ಎಂದು ಕೂಗಿದರು.

"ನಂದ್ರೀ."

"ಟಿಕೆಟ್ ತಗೊಳ್ರಿ ಮತ್ತೆ."

"ಹೂವಿಗೆ ಟಿಕೆಟ್ಟಾ?"

"ನಾನೂ ಅದನ್ನೇ ಕೇಳಿದೆ ಆ ಅಮ್ಮಂಗೆ. ಹೆಂಗಸರಿಗೆ ಫ್ರೀ ಐತೆ, ಹೂವಿಗೂ ಫ್ರೀ ಮಾಡು ಅಂದ್ರು. ಎಂಥ ಹೂವು ಅಂದೆ. ಗಂಡು ಹೂವು ಅಂದ್ರು! ಗಂಡಸರಿಗೆ ಫ್ರೀ ಇಲ್ಲ ಅಂತ ಸರ್ಕಾರಾನೇ ಹೇಳೈತಲ್ರೀ."

ಇಳಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ಗುರುಬಸವರಾಜ್ ಡಬ್ಬಿ ನನ್ನ ಕೈಗಿಟ್ಟು, "ತಗೊಳ್ರಿ ತಾಯಿ, ತಮಾಷೆ ಮಾಡಿದೆ. ಏನಕ್ಕಿದು?" ಎಂದರು. ಓಡುತ್ತಲೇ ಹೇಳಿದೆ. ಶಾಲೆಯ ಒಲೆ ಹಚ್ಚುವ ಹೊತ್ತಾಗುತ್ತಿತ್ತು.

ಮನೆಗೆ ಬಂದು ಮುಚ್ಚಳ ತೆಗೆದರೆ ಹೂವೆಲ್ಲ ಬೆಂದ ಸೊಪ್ಪಿನ ಹಾಗೆ ಕಪ್ಪಾಗಿ ಡಬ್ಬಿಯ ತಳಕ್ಕೆ ಅಂಟಿಕೊಂಡಿದ್ದವು. ಮರುದಿನ ಕೇಳಿದಾಗ ತಿಳಿಯಿತು: ಭದ್ರವಾಗಿರಲಿ ಎಂದು ಆ ಪುಣ್ಯಾತ್ಮರು ಡಬ್ಬಿಯನ್ನು ಡ್ರೈವರ್ ಪಕ್ಕದ ಬಾನೆಟ್ ಮೇಲಿಟ್ಟು, ಬೀಳದಂತೆ ಟವೆಲ್ ಬೇರೆ ಸುತ್ತಿದ್ದರು. ಸವಳಂಗದಿಂದ ಹೊನ್ನಾಳಿಯವರೆಗೆ ಎಂಜಿನ್ನಿನ ಬಿಸಿಗೆ ಹೂವು ಹದವಾಗಿ ಬೆಂದಿತ್ತು. ಅವರ ಮುಖ ಸಣ್ಣದಾಯಿತು. "ತಾಯಾಣೆ ಗೊತ್ತಾಗಲಿಲ್ಲ ಕಣಮ್ಮ. ಚೆನ್ನಾಗಿರಲಿ ಅಂತಾನೇ ಇಟ್ಟಿದ್ದು" ಎಂದರು. ಅಂದಿನಿಂದ ಡಬ್ಬಿ ಮುಂದಿನ ಬಾಗಿಲಿನ ಕಿಟಕಿಗೆ, ಗಾಳಿಗೆ ತೂಗಾಡುತ್ತ ಬಂತು. ಒಳಗೆ ಬಾಳೆಲೆ, ಒದ್ದೆ ಬಟ್ಟೆ, ಅದರ ನಡುವೆ ಆಗ ತಾನೆ ಬಿರಿದ ತಿಳಿಹಳದಿ ಹೂಗಳು. ಒಂದೊಂದರ ನಡುವೆಯೂ ಕಪ್ಪು ಕಣ್ಣು.

ಮೊದಮೊದಲು ನಾನೇ ಹೂ ಮುಟ್ಟಿಸಿದೆ. ಗಂಡು ಹೂವಿನ ಎಸಳು ಹಿಂದಕ್ಕೆ ಮಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿನ ಬಾಯಿಗೆ ಮೆಲ್ಲನೆ ಒತ್ತುವುದು. ಹೆಣ್ಣು ಹೂವಿನ ಕೆಳಗೆ ಹುಟ್ಟುವಾಗಲೇ ಪುಟ್ಟ ಮುಳ್ಳುಮಿಡಿ ಇರುತ್ತದೆ. ಅದು ಉಬ್ಬಿದರೆ ಕಾಯಿ, ಹಳದಿಯಾದರೆ ಉದುರಿತು. ಸಲೀಸಾದ ಕೆಲಸ. ಆದರೆ ಬಸ್ಸು ತಡವಾದ ದಿನ ಶಾಲೆಗೂ ತಡ. ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅತ್ತೆ ನನ್ನ ಕೈಯಿಂದ ಡಬ್ಬಿ ಕಿತ್ತುಕೊಂಡರು. "ನೀನು ಹೋಗು. ಹಸಿದ ಮಕ್ಕಳ ಮುಂದೆ ಇದೇನು ದೊಡ್ಡದಲ್ಲ. ನಾನು ನೋಡ್ಕೊಂತೀನಿ."

"ನಿಮಗೆ ಗೊತ್ತಾಗ್ತೈತಾ ಅತ್ತೆ?"

"ಇಬ್ಬರನ್ನ ಹೆತ್ತೀನಿ. ನನಗೆ ಗೊತ್ತಾಗ್ದೆ ಇನ್ಯಾರಿಗೆ ಗೊತ್ತಾಗ್ತೈತೆ?"

ಅವತ್ತಿನಿಂದ ಅದು ಅವರ ಕೆಲಸವಾಯಿತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಸ್ಟೂಲಿನ ಮೇಲೆ ಹತ್ತಿ ನಿಲ್ಲುವರು. ಸಂಧ್ಯಾ ಕೆಳಗಿನಿಂದ ಸ್ಟೂಲು ಹಿಡಿಯಬೇಕು. "ನೋಡವಾ, ಈ ವಯಸ್ಸಿಗೆ ದಿನಾ ಬೆಳಿಗ್ಗೆ ಮದುವೆ ಮಾಡ್ಸೋ ಕೆಲಸ ಬಂತು ನನಗೆ. ಮುಹೂರ್ತ ಬಸ್ಸಿನ ಕೈಲಿ" ಎಂದು ಗೊಣಗುವರು. ಹೂ ಮುಟ್ಟಿಸಿದ ಮೇಲೆ ಆ ತೊಟ್ಟಿಗೆ ಒಂದೊಂದು ಅರಿಶಿನದ ದಾರ ಕಟ್ಟುವರು. ಗುರುತಿಗೆ ಎನ್ನುತ್ತಿದ್ದರು. ಗುರುತಿಗೆ ಯಾವ ದಾರವಾದರೂ ಆಗುತ್ತಿತ್ತು.

ರಾತ್ರಿ ತಾಜ್‌ಬೀ ಫೋನು ಮಾಡಿದರೆ ಮೊದಲು ನನ್ನ ಜೊತೆ ಮಾತಾಡುತ್ತಿದ್ದರು. ಆಮೇಲಾಮೇಲೆ ಅತ್ತೆಯೇ ಫೋನು ಇಸಿದುಕೊಳ್ಳತೊಡಗಿದರು.

"ಏನ್ ತಾಜ್‌ಬೀ, ಇವತ್ತು ಕಳಿಸಿದ ಹೂವಾಗೆ ಪುಡೀನೇ ಇರಲಿಲ್ಲ. ಮುದುಕ ಗಂಡುಗಳನ್ನ ಕಳಿಸಿದೀಯಲ್ಲ."

ಆ ಕಡೆಯಿಂದ ಏನು ಉತ್ತರ ಬಂತೋ, ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ಹಾಗೆ ನಗುವುದನ್ನು ನಾನು ನೋಡಿದ್ದು ಕಡಿಮೆ.

ಆಮೇಲೆ ಮಳೆ ಹಿಡಿಯಿತು. ಬಿಡದ ಮಳೆ. ಹೂವಿನ ಪುಡಿ ತೊಳೆದುಹೋಗುತ್ತಿತ್ತು. ನ್ಯಾಮತಿ ಕಡೆಯ ಒಂದು ಹಳ್ಳದಲ್ಲಿ ರಸ್ತೆಯ ಮೇಲೆ ನೀರು ಬಂದು ಮೊದಲ ಬಸ್ಸು ಕೆಲವು ದಿನ ಹೊರಡಲೇ ಇಲ್ಲ. ದಾರ ಕಟ್ಟಿದ ಮಿಡಿಗಳು ಒಂದೊಂದಾಗಿ ಹಳದಿಯಾಗಿ, ದಾರ ಸಮೇತ ಕೆಸರಿಗೆ ಬಿದ್ದವು. ಸಂಜೆ ಮನೆಗೆ ಬಂದಾಗ ಅತ್ತೆ ಬಿದ್ದ ದಾರಗಳನ್ನು ಆರಿಸಿ ತೊಳೆದು ಒಣಹಾಕಿರುತ್ತಿದ್ದರು. ಕೊನೆಗೆ ಬಳ್ಳಿಯ ಮೇಲೆ ಉಳಿದದ್ದು ಒಂದೇ ಒಂದು ಕಾಯಿ. ಎಲೆಯ ಮರೆಯಲ್ಲಿ ಮಳೆ ತಪ್ಪಿಸಿಕೊಂಡು ಕುಳಿತಿತ್ತು.

ಪಂಚಮಿಯ ಹಿಂದಿನ ದಿನ ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿತ್ತು. ಮನೆತುಂಬ ಕೆಲಸ. ಶೇಂಗಾ ಹುರಿದು, ಎಳ್ಳು ಕುಟ್ಟಿ, ಬೆಲ್ಲದ ಪಾಕ ತೆಗೆದು ಉಂಡೆ ಕಟ್ಟಬೇಕು. ಪಂಚಮಿಯ ದಿನ ನಮ್ಮಲ್ಲಿ ಹೆಂಚು ಒಲೆಯ ಮೇಲೆ ಇಡುವಂತಿಲ್ಲ, ಕರಿಯುವಂತಿಲ್ಲ, ಚಾಕು ಈಳಿಗೆ ಮುಟ್ಟುವಂತಿಲ್ಲ. ಕಾಯಿಪಲ್ಯವನ್ನು ಕೈಯಿಂದ ಮುರಿಯುವುದೂ ಇಲ್ಲ. ನೆಲ ಅಗೆದರೆ ನೋವಾಗುವಂತೆ ಹೆಚ್ಚಿದರೂ ನಾಗಪ್ಪನಿಗೆ ನೋವಾಗುತ್ತದೆ ಎನ್ನುತ್ತಾರೆ. ಹಾಗಾಗಿ ಹೆಚ್ಚುವುದು ಹುರಿಯುವುದು ಏನಿದ್ದರೂ ಹಿಂದಿನ ದಿನವೇ.

ಸಂಜೆ ನಾನೂ ಅತ್ತೆಯೂ ಬಳ್ಳಿಯ ಮುಂದೆ ನಿಂತೆವು. ಕಾಯಿ ಇನ್ನೂ ಎಳೆಯದು, ಹೆಬ್ಬೆರಳಿನಷ್ಟು.

"ಕೀಳಲಾ ಅತ್ತೆ?"

"ಇರಲಿ ಬಿಡು. ಇವತ್ತು ಬಿಸಿಲು ಕಂಡೈತೆ. ಒಂದು ರಾತ್ರಿ ಬಿಟ್ಟರೆ ಇನ್ನೊಂದಿಷ್ಟು ತುಂಬಿಕೊಳ್ತೈತೆ. ಬೆಳಿಗ್ಗೆ ಕಿತ್ತರಾತು."

ಸರಿಯೆನ್ನಿಸಿತು. ಇಬ್ಬರೂ ಒಳಗೆ ಬಂದು ಉಂಡೆ ಕಟ್ಟಲು ಕೂತೆವು. ಇಷ್ಟು ವರ್ಷ ಬುಟ್ಟಿಗಟ್ಟಲೆ ಕಾಯಿ ಇರುತ್ತಿತ್ತು. ಮಧ್ಯಾಹ್ನವೇ ಹೆಚ್ಚಿ, ಸಂಜೆಗೆ ಪಲ್ಯ ಮುಗಿದಿರುತ್ತಿತ್ತು. ಒಂದು ಕಾಯಿಗಾಗಿ ಕಾಯುವುದು ನಮಗೆ ಅಭ್ಯಾಸವಿರಲಿಲ್ಲ. ಕಾಯಿ ದೊಡ್ಡದಾಗಲಿ ಎನ್ನುವ ಆಸೆಯಲ್ಲಿ ನಾಳೆ ಯಾವ ದಿನ ಎನ್ನುವುದನ್ನೇ ಇಬ್ಬರೂ ಮರೆತೆವು.

ಬೆಳಿಗ್ಗೆ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಸಂಧ್ಯಾ ಕಾಯಿ ಕಿತ್ತು ತಂದಳು. ಅತ್ತೆ ಹೇಳಿದ ಹಾಗೆ ಚೆನ್ನಾಗಿ ತುಂಬಿಕೊಂಡಿತ್ತು. ಅಂಗೈಯಲ್ಲಿಟ್ಟುಕೊಂಡು ಅವಳೇ ಕೇಳಿದಳು, "ಅಮ್ಮಾ, ಇದನ್ನ ಹೆಚ್ಚೋರ್ಯಾರು ಇವತ್ತು?"

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಕಾಯಿ ನೋಡಿದರು.

"ಇಡೀದೇ ಬೇಯಿಸಿದ್ರಾತು" ಎಂದರು ನಮ್ಮವರು.

"ಇಡೀದು ಬೇಯಿಸಿ? ಆಮೇಲೆ ನಾಲ್ಕು ಜನ ಒಂದೇ ಕಾಯಿಗೆ ಬಾಯಿ ಹಾಕೋದಾ? ಮುರೀಬೇಕಲ್ಲ" ಎಂದರು ಅತ್ತೆ.

"ನಾಳೆ ತಿಂದರಾತು ಬಿಡ್ರಿ ಅತ್ತೆ" ಎಂದೆ ನಾನು.

"ನಾಳೆ ಪಂಚಮಿ ಅಲ್ಲ" ಎಂದರು ಅತ್ತೆ. ಬೇರೆ ಯಾರ ಮೇಲೂ ಅಲ್ಲ, ತಮ್ಮ ಮೇಲೇ ಸಿಟ್ಟು ಬಂದವರಂತೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು. "ಬಳ್ಳಿ ಕಿತ್ತಿದ್ದೂ ನಾನೇ, ಒಂದಿನ ಬಿಡು ಅಂದಿದ್ದೂ ನಾನೇ."

ಆಗಲೇ ಓಣಿಯ ತುದಿಯಲ್ಲಿ ಗುರುಬಸವರಾಜ್ ದನಿ ಕೇಳಿಸಿತು. "ಇದೇ ಮನೇನಾ ಹೂವಿನ ಪಾರ್ಟಿದು?" ಅವರ ಹಿಂದೆ ಬಿಳಿ ಓಢಣಿ ತಲೆಯ ಮೇಲೆ ಎಳೆದುಕೊಂಡು, ಮೊಣಕಾಲು ಹಿಡಿದುಕೊಂಡು ತಾಜ್‌ಬೀ ಬರುತ್ತಿದ್ದರು.

"ಬಸ್ಸು ಸ್ಟ್ಯಾಂಡಿನಾಗೆ ಹದಿನೈದು ನಿಮಿಷ ನಿಲ್ತೈತೆ, ಕಾಯಿ ನೋಡ್ಕೊಂಡು ಹೋಗೋಣ ಅಂತ ನಾನೂ ಬಂದೆ" ಎಂದರು ಕಂಡಕ್ಟರು. "ಇಷ್ಟು ದಿನ ಹೊತ್ತು ತಂದೀನಿ. ನನ್ನ ಮೊಮ್ಮಗ ಇದ್ದಂಗೆ ಅದು."

ನಾನು ಹೋಗಿ ತಾಜ್‌ಬೀಯವರ ಕೈ ಹಿಡಿದುಕೊಂಡೆ. ಅವರು ನನ್ನ ಕೆನ್ನೆ ತಟ್ಟಿ, "ಯಾಕೆ ಮುಖ ಹಿಂಗೈತೆ? ಕಾಯಿ ಬಿತ್ತಾ?" ಎಂದರು. ನಡೆದದ್ದನ್ನು ಸಂಧ್ಯಾ ಒಂದೇ ಉಸಿರಿಗೆ ಹೇಳಿದಳು. ತಾಜ್‌ಬೀ ಕಾಯಿಯನ್ನು ಅವಳ ಕೈಯಿಂದ ತೆಗೆದುಕೊಂಡು, ತಿರುಗಿಸಿ ನೋಡಿ, ತೊಟ್ಟಿನ ದಾರವನ್ನು ಬೆರಳಿನಿಂದ ಸವರಿದರು.

"ಕಾಯಿ ಕಂಡೆ. ಅಷ್ಟೇ ಸಾಕು ನನಗೆ. ಹಬ್ಬದ ದಿನ ಮನೆಯವರನ್ನ ಯಾಕೆ ಕಾಡಸ್ಬೇಕು" ಎಂದು ಕಟ್ಟೆಯ ಅಂಚಿನಲ್ಲಿ ಕೂತರು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದಾಗಲೂ ಅವರು ಬಂದರೆ ಕೂರುತ್ತಿದ್ದದ್ದು ಅಲ್ಲೇ. ಒಳಗೆ ಬಾ ಎಂದು ನಾವು ಕರೆಯುತ್ತಿರಲಿಲ್ಲ, ಬರುತ್ತೇನೆಂದು ಅವರೂ ಹೇಳುತ್ತಿರಲಿಲ್ಲ. ಅದು ಹಾಗೆಯೇ ನಡೆದುಕೊಂಡು ಬಂದಿತ್ತು.

ಅತ್ತೆ ತಲೆಯೆತ್ತಿ ತಾಜ್‌ಬೀಯವರನ್ನೇ ನೋಡಿದರು.

"ಅಲ್ಲಾ ತಾಜ್‌ಬೀ, ಪಂಚಮಿ ನಿನಗೇನು?"

"ನನಗೇನು ಗಂಗಮ್ಮಾರೇ? ನನಗೆ ಇವತ್ತು ಮಂಗಳವಾರ."

"ಚಾಕು ಹಿಡೀಬಾರದು ಅಂತ ನಿಮ್ಮಲ್ಲಿ ಐತಾ?"

"ಮನೇಲಿ ಬೆಳಿಗ್ಗೆ ಈರುಳ್ಳಿ ಹೆಚ್ಚಿಟ್ಟೇ ಬಂದೀನಿ."

"ಮತ್ತೆ ಅಲ್ಲೇ ಕೂತ್ಕೊಂಡೀಯಲ್ಲ? ಏಳು, ಒಳಗೆ ಬಾ."

ತಾಜ್‌ಬೀ ಏಳಲಿಲ್ಲ. "ಅಡುಗೆ ಮನೆಗಾ?" ಎಂದರು.

"ಹೂಂ ಮತ್ತೆ, ಬಸ್ ಸ್ಟ್ಯಾಂಡಿನಾಗೆ ಹೆಚ್ತೀಯಾ?"

"ಅಜ್ಜಿ, ಹೆಚ್ಚಿದ್ದನ್ನ ನಾವು ತಿನ್ನಬಹುದಾ ಇವತ್ತು?" ಎಂದಳು ಸಂಧ್ಯಾ. ಅವಳಿಗೆ ಇಂಥದ್ದರಲ್ಲಿ ಕಾನೂನು ಪೂರ್ತಿ ತಿಳಿಯಬೇಕು.

"ಹೆಚ್ಚಬಾರದು ಅಂತ ನಮ್ಮತ್ತೆ ಹೇಳಿಕೊಟ್ಟಿದ್ದಾರೆ. ತಿನ್ನಬಾರದು ಅಂತ ಯಾರೂ ಹೇಳಿಲ್ಲ" ಎಂದು ಅತ್ತೆ ತೀರ್ಪು ಕೊಟ್ಟರು.

ತಾಜ್‌ಬೀ ಹೊಸಿಲಿನ ಆಚೆ ಚಪ್ಪಲಿ ಬಿಟ್ಟು, ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಅಟ್ಟದ ಮೇಲೆ ಎತ್ತಿಟ್ಟಿದ್ದ ಚಾಕನ್ನು ನಮ್ಮಲ್ಲಿ ಯಾರೂ ಮುಟ್ಟುವಂತಿರಲಿಲ್ಲ. ಅದೆಲ್ಲಿದೆಯೆಂದು ಅತ್ತೆ ಬೆರಳು ಮಾಡಿ ತೋರಿಸಿದರು, ತಾಜ್‌ಬೀಯೇ ಸ್ಟೂಲು ಹತ್ತಿ ತೆಗೆದುಕೊಂಡರು. ನೆಲದ ಮೇಲೆ ಕೂತು ಕಾಯಿಯನ್ನು ತೆಳ್ಳಗೆ, ಬಿಲ್ಲೆಬಿಲ್ಲೆಯಾಗಿ ಹೆಚ್ಚಿದರು. ನಮ್ಮವರೂ ಕಂಡಕ್ಟರೂ ಬಾಗಿಲಲ್ಲಿ ನಿಂತು, ಆಪರೇಷನ್ ನೋಡುವವರ ಹಾಗೆ ನೋಡುತ್ತಿದ್ದರು.

"ತೆಳ್ಳಗೆ, ಇನ್ನೂ ತೆಳ್ಳಗೆ" ಎಂದರು ಅತ್ತೆ. "ಆರು ಜನಕ್ಕೆ ಬರಬೇಕು."

"ನಾಲ್ಕು ಜನ ಅಲ್ವಾ ನೀವು?"

"ನೀನು ತಿನ್ನಲ್ವಾ? ಈ ಮೀಸೆ ಮಾವ ತಿನ್ನಲ್ವಾ?"

"ನನಗೆ ಬಸ್ಸು..." ಎಂದರು ಗುರುಬಸವರಾಜ್.

"ಬಸ್ಸಿಗೆ ಡ್ರೈವರ್ ಇದ್ದಾನೆ. ಸುಮ್ಕಿರ್ರಿ."

ಬಿಲ್ಲೆಗಳಿಗೆ ಉಪ್ಪು ಖಾರ ಸವರಿ, ಕಡುಬು ಬೇಯುತ್ತಿದ್ದ ಪಾತ್ರೆಯೊಳಗೆ ಇಡಲು ನಾನು ಕೈ ಚಾಚಿದೆ. ಅತ್ತೆ ನನ್ನ ಕೈ ತಡೆದರು. "ಹೆಚ್ಚಿದ ಕೈನೇ ಇಡಲಿ." ತಾಜ್‌ಬೀ ಒಮ್ಮೆ ಅತ್ತೆಯ ಕಡೆ ನೋಡಿ, ಮುಚ್ಚಳ ಎತ್ತಿ, ಆವಿಗೆ ಮುಖ ಓರೆ ಮಾಡಿಕೊಂಡು ಬಿಲ್ಲೆಗಳನ್ನು ಕಡುಬಿನ ಪಕ್ಕದಲ್ಲಿ ಒಂದೊಂದಾಗಿ ಜೋಡಿಸಿದರು. ಅಡುಗೆ ಮನೆಯ ತುಂಬ ಮಡಹಾಗಲದ ಹಸಿ ಘಮ ಹರಡಿತು. ನನ್ನ ಕಣ್ಣು ತುಂಬಿದ್ದಕ್ಕೆ ಆ ಆವಿಯೂ ಕಾರಣವಿರಬಹುದು.

ಎಲ್ಲರೂ ಒಂದೇ ಸಾಲಿನಲ್ಲಿ ನೆಲಕ್ಕೆ ಕೂತೆವು. ಅತ್ತೆಯ ಪಕ್ಕಕ್ಕೆ ತಾಜ್‌ಬೀ. ಗುರುಬಸವರಾಜ್ ಮಾತ್ರ ನಿಂತೇ ತಮ್ಮ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡು, "ಅಡ್ಡಿಯಿಲ್ಲ, ಬಾನೆಟ್ ಮೇಲೆ ಬೇಯಿಸಿದ್ದಕ್ಕಿಂತ ಚೆನ್ನಾಗೈತೆ" ಎಂದು ಶಿಳ್ಳೆ ಹಾಕುತ್ತ ಓಡಿದರು. ಅತ್ತೆ ತಮ್ಮ ಪಾಲಿನ ಬಿಲ್ಲೆ ತಿಂದು, ಇನ್ನೊಂದು ಕಡುಬು ತೆಗೆದು ತಾಜ್‌ಬೀಯವರ ತಟ್ಟೆಗೆ ಹಾಕಿದರು. ತುಪ್ಪವನ್ನೂ ಅವರೇ ಬಡಿಸಿದರು.

ನನ್ನ ತಟ್ಟೆಗೆ ಬಿಲ್ಲೆಯನ್ನು ತಾಜ್‌ಬೀ ತಮ್ಮ ಕೈಯಾರೆ ಇಟ್ಟರು. ತವರಿನ ಕಾಯಿಯನ್ನು ನಾನು ಇಷ್ಟು ವರ್ಷವೂ ತಿಂದಿದ್ದೆ. ಆದರೆ ತವರಿನವರು ಪಕ್ಕದಲ್ಲಿ ಕೂತು, ನಾನು ತಿನ್ನುವುದನ್ನು ನೋಡಿದ್ದು ಅದೇ ಮೊದಲು. ದಿನವೂ ಅಷ್ಟೊಂದು ಮಕ್ಕಳಿಗೆ ಬಡಿಸಿ, ಕೊನೆಗೆ ನಿಂತುಕೊಂಡೇ ಏನೋ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವವಳು ನಾನು. ಅವತ್ತು ನಿಧಾನವಾಗಿ ತಿಂದೆ. ನನಗೆ ಸಿಕ್ಕಿದ ಇಬ್ಬರು ಮುದುಕಿಯರು ನನ್ನ ಪಕ್ಕದಲ್ಲಿ ಕೂತು, ದೀಪಾವಳಿ ಕಳೆದ ಮೇಲೆ ಸವಳಂಗದಿಂದ ಬರಲಿರುವ ಗಂಡು ಬಳ್ಳಿಯ ಹೊಸ ಗಡ್ಡೆಯನ್ನು ಹಿತ್ತಲಿನ ಯಾವ ಮೂಲೆಗೆ ಹಾಕಬೇಕೆಂದು ಆಗಲೇ ಜಗಳ ಶುರುಮಾಡಿದ್ದರು.

ಈ ಪಂಚಮಿಗೂ ನನ್ನ ತಟ್ಟೆಯಲ್ಲಿ ತವರಿನ ತುತ್ತು ಇತ್ತು. ತಾಜ್‌ಬೀ ಮಾತು ಉಳಿಸಿಕೊಂಡರು.